ನಾಲ್ಕು ಗಂಟೆಯ ಓದುಗರಿಗೆ ದೊಡ್ಡಕ್ಕ ಕೊಟ್ಟ ಪುಸ್ತಕಗಳು

ಡಯಾಲಿಸಿಸ್ ಶುಶ್ರೂಷೆಯಲ್ಲಿ ನುರಿತವರೆಂದು ಹೆಸರಾದವರು ಹಲವರಿದ್ದಾರೆ. ಚುಚ್ಚಿದ್ದು ರೋಗಿಗೆ ತಿಳಿಯದಂತೆ ಸೂಜಿ ಚುಚ್ಚಬಲ್ಲವರು, ಯಂತ್ರದ ಸದ್ದು ಬದಲಾದ ಕೂಡಲೇ ತೊಂದರೆ ಎಲ್ಲಿದೆಯೆಂದು ಹೇಳಬಲ್ಲವರು, ರಕ್ತದೊತ್ತಡ ಕುಸಿಯುವ ಐದು ನಿಮಿಷ ಮೊದಲೇ ಹಾಸಿಗೆಯ ಪಕ್ಕದಲ್ಲಿ ಹಾಜರಿರುವವರು. ಇದೇ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ವಿಭಾಗದ ಹಿರಿಯ ಶುಶ್ರೂಷಕಿ ಈ ಮೂರರಲ್ಲೂ ಎತ್ತಿದ ಕೈ. ಅವರನ್ನು ವೈದ್ಯರಿಂದ ಹಿಡಿದು ನೆಲ ಒರೆಸುವವರವರೆಗೆ ಎಲ್ಲರೂ ‘ದೊಡ್ಡಕ್ಕ’ ಎಂದೇ ಕರೆಯುತ್ತಾರೆ. ಅವರಿಗಿಂತ ಇಪ್ಪತ್ತು ವರ್ಷ ಹಿರಿಯರಾದ ರೋಗಿಗಳೂ ಹಾಗೆಯೇ. ಅವರ ಕೈಚಳಕದ ಬಗ್ಗೆ ಈ ಅಭಿನಂದನ ಸಂಪುಟದಲ್ಲಿ ಬಲ್ಲವರು ಬರೆದಿದ್ದಾರೆ. ನಾನು ಬರೆಯಹೊರಟಿರುವುದು ಅವರ ಇನ್ನೊಂದು ವಿದ್ಯೆಯ ವಿಷಯ: ಯಾರಿಗೆ ಯಾವ ವೈಜ್ಞಾನಿಕ ಕಾದಂಬರಿಯನ್ನು ಯಾವಾಗ ಓದಲು ಹೇಳಬೇಕೆಂಬ ವಿದ್ಯೆ. ಅದು ಅವರಿಗೆ ಸುಲಭವಾಗಿ ಒಲಿದದ್ದಲ್ಲ. ಒಮ್ಮೆ ಕೈಕೊಟ್ಟದ್ದೂ ಉಂಟು.

ನಾನು ತಂತ್ರಜ್ಞನಾಗಿ ಈ ವಿಭಾಗಕ್ಕೆ ಬಂದದ್ದು ಇಪ್ಪತ್ತೆರಡು ವರ್ಷಗಳ ಹಿಂದೆ. ಮೊದಲ ತಿಂಗಳಲ್ಲೇ ಒಬ್ಬ ಹೆಂಗಸಿನ ತೋಳಿಗೆ ಎರಡು ಸಲ ಸೂಜಿ ತಪ್ಪಿ ಚುಚ್ಚಿ, ಮೂರನೆಯ ಸಲಕ್ಕೆ ಕೈ ಎತ್ತಲಾರದೆ ನಿಂತುಬಿಟ್ಟಿದ್ದೆ. ದೊಡ್ಡಕ್ಕ ರೋಗಿಯ ಎದುರು ಒಂದು ಮಾತೂ ಆಡದೆ ಆ ಕೆಲಸ ತಾವೇ ಮುಗಿಸಿ, ನನ್ನನ್ನು ಉಪಕರಣಗಳ ಕೋಣೆಗೆ ಕರೆದು, ಒಂದು ಲೋಟ ನೀರು ಕೊಟ್ಟರು. “ಕೈ ನಡುಗೋದು ತಪ್ಪಲ್ಲಪ್ಪ. ನಡುಗ್ತಿದೆ ಅಂತ ಬಾಯಿಬಿಟ್ಟು ಹೇಳಲಿಲ್ಲ ನೋಡು, ಅದು ತಪ್ಪು,” ಎಂದರು. ಆ ಕೋಣೆಯಲ್ಲಿಯೇ, ಕೊಳವೆಗಳ ಪೆಟ್ಟಿಗೆಗಳಿಗೂ ಕೈಗವಸುಗಳ ರಾಶಿಗೂ ನಡುವೆ, ಎರಡು ಹಲಗೆಗಳ ತುಂಬ ಕಾದಂಬರಿಗಳನ್ನು ನಾನು ಮೊದಲ ಬಾರಿಗೆ ಕಂಡದ್ದು.

ಆ ಸಂಗ್ರಹ ಶುರುವಾದ ಬಗೆಯನ್ನು ಅವರೇ ಹೇಳಿದ್ದಾರೆ. ಅವರು ಕೆಲಸಕ್ಕೆ ಸೇರಿದ ಹೊಸದರಲ್ಲಿ ಗಡಿಯಾರ ರಿಪೇರಿ ಮಾಡುವ ಒಬ್ಬರು ವಾರಕ್ಕೆ ಮೂರು ದಿನ ಬರುತ್ತಿದ್ದರು. ಒಂದು ದಿನ ಹೊರಡುವಾಗ ತಾವು ಓದುತ್ತಿದ್ದ ಪುಸ್ತಕವನ್ನು ಇವರ ಕೈಗಿಟ್ಟು, “ಓದಿನೋಡಮ್ಮ, ಶುಕ್ರವಾರ ಮಾತಾಡೋಣ,” ಎಂದರಂತೆ. ಅದು ಚಂದ್ರನ ಮೇಲೆ ಊರಿಂದೂರಿಗೆ ಅಂಚೆ ಹಂಚುವ ಒಬ್ಬ ಹೆಂಗಸಿನ ಕಥೆ. ಬೆನ್ನಿಗೆ ಉಸಿರಿನ ಯಂತ್ರ ಕಟ್ಟಿಕೊಂಡೇ ಆಕೆ ಹೆರಿಗೆಯ ಸುದ್ದಿ ಮುಟ್ಟಿಸುತ್ತಾಳೆ, ಬೈಗುಳದ ಪತ್ರಗಳನ್ನು ಬೇಕೆಂದೇ ತಡಮಾಡಿ ತಲುಪಿಸುತ್ತಾಳೆ, ಸ್ವಂತ ಕಾಗದಕ್ಕೆ ಮಾತ್ರ ಕಾಯುತ್ತಲೇ ಇರುತ್ತಾಳೆ. ಅದುವರೆಗೆ ಇಂಥ ಕಥೆಗಳೆಂದರೆ ಬರೀ ರಾಕೆಟ್ಟು, ಯುದ್ಧ ಎಂದುಕೊಂಡಿದ್ದ ದೊಡ್ಡಕ್ಕನಿಗೆ ಆ ಅಂಚೆಯವಳು ತಮ್ಮ ವಿಭಾಗದಲ್ಲೇ ಮಲಗಿರುವ ಯಾರೋ ಒಬ್ಬಳು ಎನ್ನಿಸಿತು. ಇಲ್ಲಿರುವವರೂ ಯಂತ್ರವನ್ನು ನಂಬಿ ಬದುಕುವವರೇ. ಹೊರಗಿನವರು ಅವರನ್ನು ಕಂಡು ಅಯ್ಯೋ ಪಾಪ ಎನ್ನುತ್ತಿದ್ದರು. ಆ ಕಾದಂಬರಿಯಲ್ಲಿ ಮಾತ್ರ ಯಾರೂ ಯಾರಿಗೂ ಅಯ್ಯೋ ಎನ್ನುತ್ತಿರಲಿಲ್ಲ, ಎಲ್ಲರಿಗೂ ಮಾಡಲು ಕೆಲಸವಿತ್ತು.

ಡಯಾಲಿಸಿಸ್ ಎಂದರೆ ಒಂದು ಸರದಿಗೆ ನಾಲ್ಕು ಗಂಟೆ. ಸೂಜಿ ಹಾಕಿದ ತೋಳನ್ನು ಅಲುಗಾಡಿಸುವಂತಿಲ್ಲ, ಉಳಿದ ಒಂದೇ ಕೈಯಲ್ಲಿ ಪುಟ ತಿರುಗಿಸಬೇಕು. ದಪ್ಪ ಪುಸ್ತಕ ಎದೆಯ ಮೇಲೆ ಭಾರ. ದೊಡ್ಡಕ್ಕ ಆರುನೂರು ಪುಟದ ಒಂದು ಕಾದಂಬರಿಯನ್ನು ಬೈಂಡಿನವರ ಬಳಿ ಒಯ್ದು, ಮೂರು ಭಾಗವಾಗಿ ಕತ್ತರಿಸಿ, ಮೂರು ತೆಳು ಪುಸ್ತಕ ಮಾಡಿಸಿ ತಂದರು. ಪುಸ್ತಕಕ್ಕೆ ಕತ್ತರಿ ಹಾಕಿದ್ದನ್ನು ಕಂಡು ನಾನು ಹುಬ್ಬೇರಿಸಿದಾಗ, “ಓದದೇ ಇಟ್ಟ ಪುಸ್ತಕಕ್ಕಿಂತ ಕತ್ತರಿಸಿ ಓದಿದ್ದು ವಾಸಿ,” ಎಂದು ನಕ್ಕಿದ್ದರು. ಶಿಫಾರಸು ಮಾಡುವಾಗ ಅವರು ಕಥೆ ಹೇಳುತ್ತಿರಲಿಲ್ಲ. ರೋಗಿಯ ತೂಕ ನೋಡುತ್ತ, ರಕ್ತದೊತ್ತಡದ ಪಟ್ಟಿ ಸುತ್ತುತ್ತ, “ಇದರಲ್ಲಿ ಒಬ್ಬಳು ಅಜ್ಜಿ ಇದ್ದಾಳೆ, ನಿಮ್ಮ ಹಾಗೇ ಹಟಮಾರಿ,” ಎಂದಷ್ಟೇ ಹೇಳಿ ಪುಸ್ತಕವನ್ನು ದಿಂಬಿನ ಪಕ್ಕದಲ್ಲಿಟ್ಟು ಹೋಗುತ್ತಿದ್ದರು. ಮುಂದಿನ ಸರದಿಯ ಹೊತ್ತಿಗೆ ಅದು ಅರ್ಧ ಮುಗಿದಿರುತ್ತಿತ್ತು.

ಇನ್ನು ನಾನು ಬರೆಯಲೇಬೇಕಾದ, ಬರೆಯಲು ದೊಡ್ಡಕ್ಕನ ಒಪ್ಪಿಗೆಯನ್ನೂ ಪಡೆದಿರುವ ಸಂಗತಿಗೆ ಬರುತ್ತೇನೆ. ಹದಿನಾಲ್ಕು ವರ್ಷಗಳ ಹಿಂದೆ ಏಳನೆಯ ಹಾಸಿಗೆಗೆ ಒಬ್ಬ ಬಸ್ ಚಾಲಕರು ಬರುತ್ತಿದ್ದರು. ನಲವತ್ತು ದಾಟಿರಲಿಲ್ಲ. ಸ್ಟೀರಿಂಗ್ ಹಿಡಿಯುವ ಕೆಲಸ ಬಿಡಬೇಕಾಗಿ ಬಂದಿತ್ತು. ಮಾತು ಕಡಿಮೆ, ಓದು ಬಹಳ. ಹಲಗೆಯ ಮೇಲಿದ್ದುದನ್ನೆಲ್ಲ ಒಂದೊಂದಾಗಿ ಮುಗಿಸುತ್ತ ಬಂದವರಿಗೆ ದೊಡ್ಡಕ್ಕ ತಾವು ಬಹುವಾಗಿ ಮೆಚ್ಚಿದ್ದ ಒಂದು ಕಾದಂಬರಿಯನ್ನು ಕೊಟ್ಟರು. ನಕ್ಷತ್ರಗಳ ನಡುವೆ ಸಾಗುವ ಒಂದು ಹಡಗು. ಅದರಲ್ಲಿ ಗಾಳಿ ಸಾಲದಾಗುತ್ತದೆ. ದಾರಿ ತೋರುತ್ತಿದ್ದ ಮುದುಕನಿಗೆ ಕಣ್ಣು ಮಂದವಾಗಿದೆ. ತಾನಿನ್ನು ಉಳಿದವರಿಗೆ ಹೊರೆ ಎಂದುಕೊಂಡು, ಯಾರಿಗೂ ಹೇಳದೆ, ತನ್ನ ಪಾಲಿನ ಗಾಳಿಯನ್ನು ಬಿಟ್ಟು ಅವನು ಹೊರಗೆ ನಡೆದುಬಿಡುತ್ತಾನೆ. ಕೊನೆಯ ಅಧ್ಯಾಯದಲ್ಲಿ ಹಡಗಿಗೆ ಹಡಗೇ ಅವನನ್ನು ಕೊಂಡಾಡುತ್ತದೆ.

ಚಾಲಕರು ಮಂಗಳವಾರ ಬರಲಿಲ್ಲ. ಗುರುವಾರವೂ ಬರಲಿಲ್ಲ. ಶುಕ್ರವಾರ ಬೆಳಿಗ್ಗೆ ಅವರ ಹೆಂಡತಿ ಬಂದು ಆ ಪುಸ್ತಕವನ್ನು ದೊಡ್ಡಕ್ಕನ ಮೇಜಿನ ಮೇಲಿಟ್ಟರು.

“ಇದನ್ನ ಕೊಟ್ಟಿದ್ದು ನೀವೇ ತಾನೆ? ಇದನ್ನೋದಿ ಅವರು ‘ನಾನಿನ್ನು ಬರೋದಿಲ್ಲ’ ಅಂತ ಕೂತಿದ್ದಾರೆ. ಬಂದು ನೀವೇ ಹೇಳಿ.”

ಎರಡು ಸರದಿ ತಪ್ಪಿದರೆ ಏನಾದೀತೆಂದು ನಮ್ಮ ವಿಭಾಗದಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ: ಮೈಯಲ್ಲಿ ನೀರೂ ವಿಷವೂ ತುಂಬಿಕೊಂಡು ಜೀವಕ್ಕೇ ಕುತ್ತು. ದೊಡ್ಡಕ್ಕ ಕೂಡಲೇ ಹಾಸಿಗೆಗಳನ್ನು ಇನ್ನೊಬ್ಬರಿಗೆ ವಹಿಸಿ, ನನ್ನನ್ನೂ ಕರೆದುಕೊಂಡು ಆ ಹೆಂಗಸಿನ ಜೊತೆಗೇ ಹೊರಟರು. ದಾರಿಯಲ್ಲಿ ಆಡಿದ್ದು ಒಂದೇ ಮಾತು: “ಪುಸ್ತಕ ಎಂಥದು ಅಂತ ನೋಡಿದೆ. ಮನುಷ್ಯ ಎಂಥ ಹೊತ್ತಿನಲ್ಲಿದ್ದಾನೆ ಅಂತ ನೋಡಲಿಲ್ಲ.”

ಎರಡನೆಯ ಮಹಡಿಯ ಚಿಕ್ಕ ಮನೆ. ಚಾಲಕರು ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತಿದ್ದರು. ಕಾಲು ಊದಿತ್ತು, ಒಂದೊಂದು ಮಾತಿಗೂ ಉಸಿರು ಎಳೆದುಕೊಳ್ಳುತ್ತಿದ್ದರು.

“ಪುಸ್ತಕದ ತಪ್ಪಲ್ಲ ದೊಡ್ಡಕ್ಕ. ನನ್ನ ತಲೆಯಲ್ಲಿ ಇದು ಮೊದಲೇ ಇತ್ತು. ಎಲ್ಲರೂ ‘ಎಲ್ಲ ಸರಿಹೋಗುತ್ತೆ’ ಅಂತಾರೆ. ಆ ಮುದುಕ ಒಬ್ಬನೇ ನಿಜ ಒಪ್ಪಿಕೊಂಡಿದ್ದು. ಅವನು ಮಾಡಿದ್ದು ಸರಿ ಅಲ್ವಾ?”

ದೊಡ್ಡಕ್ಕ ಸಮಾಧಾನದ ಮಾತಾಡುತ್ತಾರೆ ಎಂದುಕೊಂಡಿದ್ದೆ. ಅವರು ಎದುರಿಗೆ ಸ್ಟೂಲು ಎಳೆದು ಕೂತು, “ಅಲ್ಲ,” ಎಂದರು.

“ನೀವೇ ಚೆನ್ನಾಗಿದೆ ಅಂತ ಕೊಟ್ರಿ.”

“ಪುಸ್ತಕ ಚೆನ್ನಾಗಿದೆ. ಮುದುಕ ಮಾಡಿದ್ದು ತಪ್ಪು. ಅಷ್ಟು ವರ್ಷ ಜೊತೆಗಿದ್ದವರಲ್ಲಿ ಒಬ್ಬರನ್ನೂ ಅವನು ಕೇಳಲಿಲ್ಲ. ನಾನು ಹೊರೆಯಾ ಅಂತ ಬಾಯಿಬಿಟ್ಟು ಕೇಳಲಿಲ್ಲ, ತಾನೇ ತೀರ್ಮಾನ ಮಾಡಿಬಿಟ್ಟ. ನೀವು ಇವರನ್ನ ಕೇಳಿದ್ದೀರಾ?”

ಚಾಲಕರು ಹೆಂಡತಿಯ ಕಡೆ ನೋಡಿದರು. ಆಕೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದರು.

“ಹೊರೆ ಅಂತ ಹೇಳಬೇಕಾದವಳು ನಾನು. ನಾನು ಹೇಳಿದ್ದೀನಾ?” ಎಂದರು. ಆಮೇಲೆ ಗಂಡನ ಎದುರಿಗೆ ಬಂದು ನಿಂತರು. “ಹನ್ನೊಂದು ವರ್ಷದಲ್ಲಿ ಒಂದು ಸೀರೆ ಆರಿಸೋಕೂ ನನ್ನ ಕೇಳ್ತಿದ್ರಿ. ಇದನ್ನ ಮಾತ್ರ ಕೇಳಬಾರದು ಅನ್ನಿಸ್ತಾ?”

ದೊಡ್ಡಕ್ಕ ಮೆಲ್ಲಗೆ ಹೇಳಿದರು: “ಸಾಕು ಅನ್ನೋ ಹಕ್ಕು ನಿಮಗೆ ಇದ್ದೇ ಇದೆ. ಅದನ್ನ ನಾನು ಕಿತ್ತುಕೊಳ್ಳೋಕೆ ಬಂದಿಲ್ಲ. ಆದ್ರೆ ಅದನ್ನ ಡಾಕ್ಟ್ರ ಎದುರು, ಇವರ ಎದುರು ಕೂತು ಹೇಳಿ. ಹೀಗೆ ಕದ್ದು ಹೊರಟುಹೋಗಬೇಡಿ. ಇವತ್ತು ಬನ್ನಿ. ಬೇಕಿದ್ರೆ ನಾಲ್ಕು ಗಂಟೆನೂ ಆ ಮುದುಕನ ವಿಷಯಕ್ಕೆ ಜಗಳ ಆಡೋಣ.”

ಚಾಲಕರು ಏಳಲೆಂದು ಎರಡೂ ಕೈ ಚಾಚಿದರು. ಒಂದು ಕೈ ನಾನು ಹಿಡಿದೆ, ಇನ್ನೊಂದನ್ನು ಅವರ ಹೆಂಡತಿ ಹಿಡಿದರು. ಅಂದು ಮಧ್ಯಾಹ್ನ ಯಂತ್ರ ಓಡುತ್ತಿದ್ದಷ್ಟು ಹೊತ್ತೂ ಏಳನೆಯ ಹಾಸಿಗೆಯ ಬಳಿ ವಾದ ನಡೆಯಿತು, ಮತ್ತು ಅದರಲ್ಲಿ ಹೆಚ್ಚು ಮಾತಾಡಿದವರು ಪುಸ್ತಕವನ್ನು ಓದಿಯೇ ಇರದ ಆ ಹೆಂಡತಿ.

ವಿಷಯ ಮುಖ್ಯ ವೈದ್ಯರ ಕಿವಿಗೆ ಬಿತ್ತು. ಹಲಗೆಗಳನ್ನು ಖಾಲಿ ಮಾಡಿಸಬೇಕೆಂದು ಅವರು ಹೇಳಿದರು. ದೊಡ್ಡಕ್ಕ ತಮ್ಮಿಂದಾದ ತಪ್ಪನ್ನು ಒಂದಿಷ್ಟೂ ಬಣ್ಣ ಕಟ್ಟದೆ ಬರೆದುಕೊಟ್ಟರು. ಪುಸ್ತಕಗಳ ಪರವಾಗಿ ಒಂದು ವಾಕ್ಯವನ್ನೂ ಬರೆಯಲಿಲ್ಲ. ಒಂದೂವರೆ ತಿಂಗಳು ಅವರು ಯಾರಿಗೂ ಏನನ್ನೂ ಓದಲು ಹೇಳಲಿಲ್ಲ. ರೋಗಿಗಳು ಕೇಳಿದರೆ ತೂಕ ಬರೆಯುವ ನೆಪದಲ್ಲಿ ಮುಂದೆ ಹೋಗುತ್ತಿದ್ದರು. ಆ ದಿನಗಳಲ್ಲಿ ಅವರನ್ನು ನೋಡುವುದು ನಮಗೆ ಕಷ್ಟವಾಗಿತ್ತು.

ಆ ಮೌನವನ್ನು ಮುರಿದವರು ಚಾಲಕರೇ. ವಾದ ನಡೆದ ದಿನ ಮನೆಗೆ ಒಯ್ದಿದ್ದ ಹಡಗಿನ ಕಾದಂಬರಿಯನ್ನು ಅವರು ಮತ್ತೆ ತಂದು, ಮುಖ್ಯ ವೈದ್ಯರು ಸುತ್ತು ಬಂದಾಗ ಅವರ ಕೈಗೇ ಕೊಟ್ಟರು. ಮೊದಲ ಪುಟಕ್ಕೆ ಒಂದು ಚೀಟಿ ಅಂಟಿಸಿದ್ದರು: “ಒಳ್ಳೆಯ ಪುಸ್ತಕ. ಆದರೆ ಒಬ್ಬರೇ ಓದಬೇಡಿ. ಜಗಳವಾಡಲು ಒಬ್ಬರನ್ನು ಜೊತೆಗಿಟ್ಟುಕೊಂಡು ಓದಿ.” ವೈದ್ಯರು ಅದನ್ನು ಎರಡು ಸಲ ಓದಿ, ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಹೋದರು. ಹಿಂದಿರುಗಿಸಲು ಮೂರು ವಾರ ತೆಗೆದುಕೊಂಡರು. ಹಲಗೆ ಖಾಲಿ ಮಾಡುವ ಮಾತು ಮತ್ತೆ ಬರಲಿಲ್ಲ.

ಅಲ್ಲಿಂದ ಮುಂದೆ ನಮ್ಮಲ್ಲಿ ಚೀಟಿಯ ಪದ್ಧತಿ ಬೆಳೆಯಿತು. ಓದಿ ಮುಗಿಸಿದವರು ಮುಂದಿನವರಿಗೆ ಎರಡು ಸಾಲು ಬರೆದಿಡುತ್ತಾರೆ: “ಮೊದಲ ನಲವತ್ತು ಪುಟ ಹಲ್ಲು ಕಚ್ಚಿ ಓದಿ, ಆಮೇಲೆ ಬಿಡಲಾರಿರಿ.” “ಬಾಯಾರಿಕೆಯ ವರ್ಣನೆ ಬಹಳ ಇದೆ, ನಮ್ಮ ಹಾಗೆ ನೀರು ಅಳೆದು ಕುಡಿಯಬೇಕಾದವರು ಎಚ್ಚರ.” ದೊಡ್ಡಕ್ಕನೂ ಬದಲಾದರು. ಪುಸ್ತಕ ಕೊಡುವ ಮುನ್ನ ಕುರ್ಚಿ ಎಳೆದು ಕೂತು, ಆ ವಾರ ಹೇಗೆ ಕಳೆಯಿತೆಂದು ಕೇಳಿ, ಉತ್ತರ ಪೂರ್ತಿ ಕೇಳಿಸಿಕೊಂಡು ಏಳುವುದು ಅಂದಿನಿಂದ ಅವರ ಕ್ರಮವಾಯಿತು. ಕೆಲವೊಮ್ಮೆ ಪುಸ್ತಕ ಕೊಡದೆಯೇ ಏಳುತ್ತಿದ್ದರು. ಇಂದು ನಮ್ಮ ವಿಭಾಗದ ತರಬೇತಿಯಲ್ಲಿ ರೋಗಿಯ ಮಾತು ಕೇಳಿಸಿಕೊಳ್ಳಲು ಪ್ರತ್ಯೇಕ ಸಮಯವಿದೆಯಾದರೆ ಅದರ ಮೂಲ ಇಲ್ಲಿದೆ.

ಬಸ್ ಚಾಲಕರು ಆಮೇಲೆ ಐದು ವರ್ಷ ಎರಡು ತಿಂಗಳು ಬದುಕಿದರು. ಕೊನೆಗೆ ಹೃದಯ ಸೋತು, ಇನ್ನು ಸಾಕೆಂದು ಅವರು ತೀರ್ಮಾನಿಸಿದಾಗ ಹೆಂಡತಿ, ವೈದ್ಯರು, ದೊಡ್ಡಕ್ಕ ಮೂವರೂ ಸುತ್ತ ಕೂತಿದ್ದರು. ಮೂವರನ್ನೂ ಅವರು ಕೇಳಿದರು. ಅವರ ಹೆಂಡತಿ ಈಗಲೂ ಪ್ರತಿ ತಿಂಗಳು ಬಂದು ಹಲಗೆಯ ಧೂಳು ಒರೆಸಿ, ಹರಿದ ಪುಟಗಳನ್ನು ಅಂಟಿಸಿ, ಓದಲು ಒಂದನ್ನು ಒಯ್ಯುತ್ತಾರೆ.

ನಿವೃತ್ತಿಯ ಬಳಿಕ ಏನು ಮಾಡುವಿರೆಂದು ಕೇಳಿದವರಿಗೆಲ್ಲ ದೊಡ್ಡಕ್ಕ “ನಿದ್ದೆ” ಎಂದು ಹೇಳಿಕೊಂಡು ಬಂದಿದ್ದಾರೆ. ಅದು ಪೂರ್ತಿ ನಿಜವಲ್ಲ. ಪರಭಾಷೆಯ ಓದು ಬಾರದ ರೋಗಿಗಳಿಗಾಗಿ ಅವರು ಒಂದು ದೊಡ್ಡ ಕಾದಂಬರಿಯನ್ನು ಕನ್ನಡಕ್ಕೆ ತರಲು ಕೂತಿದ್ದಾರೆ. ನಲವತ್ತು ಪುಟ ಮುಗಿದಿದೆ, ನಾನೂರು ಬಾಕಿ ಇದೆ. ಅವರಿಗೆ ದೀರ್ಘಾಯುಷ್ಯವೂ ಗಟ್ಟಿ ಕಣ್ಣುಗಳೂ ಬಿಡುವಿಲ್ಲದ ಬರವಣಿಗೆಯೂ ದೊರೆಯಲೆಂದು ವಿಭಾಗದ ಎಲ್ಲರ ಪರವಾಗಿ ಹಾರೈಸುತ್ತೇನೆ. ಈ ಹಾರೈಕೆಯಲ್ಲಿ ನಮ್ಮ ಸ್ವಾರ್ಥವೂ ಇದೆ. ಮೊನ್ನೆ ಎರಡನೆಯ ಹಾಸಿಗೆಯ ಅಜ್ಜಿಗೆ, ಎಪ್ಪತ್ತೆಂಟರ ವಯಸ್ಸಿನವರಿಗೆ, ಈ ಅನುವಾದದ ಸುದ್ದಿ ಹೇಳಿದೆ. ಮೊದಲ ಪ್ರತಿ ತನಗೇ ಬೇಕೆಂದರು.

“ಎರಡು ವರ್ಷ ಆಗುತ್ತಂತೆ ಅಜ್ಜಿ,” ಎಂದೆ.

ಅಜ್ಜಿ ಸೂಜಿಯಿಲ್ಲದ ಕೈಯಿಂದ ಕನ್ನಡಕ ಸರಿಪಡಿಸಿಕೊಂಡರು. “ಆಗಲಿ ಬಿಡು. ನಿಧಾನವಾಗಿ ಚೆನ್ನಾಗಿ ಬರೀಲಿ. ನಾನೆಲ್ಲಿಗೆ ಹೋಗ್ತೀನಿ? ಇಲ್ಲೇ ಇರ್ತೀನಿ ಅಂತ ಹೇಳು.”