ಅರ್ಧ ಬೆರಳು ಮಾರ್ಜಿನ್

ಬಳ್ಳಾರಿಯ ಕೌಲ್ ಬಜಾರಿನ ಒಂದು ಜೀನ್ಸ್ ಯೂನಿಟ್ಟಿನಲ್ಲಿ ನಾನು ಕಟಿಂಗ್ ಮಾಸ್ಟರ್. ಹೆಂಗಸನ್ನು ಮಾಸ್ಟರ್ ಅನ್ನಲು ಅಲ್ಲಿ ಯಾರಿಗೂ ಬಾಯಿ ಬರುವುದಿಲ್ಲ, ಅಕ್ಕ ಅನ್ನುತ್ತಾರೆ. ಆದರೆ ನಾನು ಕಾಗದದಲ್ಲಿ ಕತ್ತರಿಸಿ ಕೊಟ್ಟ ಅಳತೆಯ ಮೇಲೆಯೇ ಅಷ್ಟೂ ಪ್ಯಾಂಟುಗಳು ಹುಟ್ಟುತ್ತವೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ದೋಣಿಯ ವಿಷಯದಲ್ಲಿ ಹೇಳಲು ನನಗೆ ಯಾರೂ ಸಂದು ಕೊಡಲಿಲ್ಲ.

ನನ್ನ ಗಂಡನದು ಮೋಟಾರು ರಿವೈಂಡಿಂಗ್ ಅಂಗಡಿ. ಒಮ್ಮೆ ಮಲ್ಪೆಗೆ ಹೋಗಿ ಅಲ್ಲಿನ ಮೀನುಗಾರಿಕೆ ದೋಣಿಗಳನ್ನು ನೋಡಿ ಬಂದವರು, ಅವನ್ನೇ ಚಿಕ್ಕದಾಗಿ ಮಾಡಿ ನೀರಿಗೆ ಬಿಡುವ ಹುಚ್ಚು ಹಿಡಿಸಿಕೊಂಡರು. ಮೋಟಾರು, ಬ್ಯಾಟರಿ, ರಿಮೋಟು ಅವರಿಗೆ ನೀರು ಕುಡಿದಷ್ಟು ಸುಲಭ. ದೋಣಿಯ ಒಡಲು ಮಾತ್ರ ಮಾತು ಕೇಳಲಿಲ್ಲ. ಪ್ಲೈವುಡ್ಡಿನ ಪಕ್ಕೆಲುಬು ನಿಲ್ಲಿಸಿ ಮೇಲೆ ತೆಳು ಹಲಗೆ ಹೊದಿಸಲು ಹೋದರೆ, ಮೂತಿಯ ಹತ್ತಿರ ಹಲಗೆಗಳು ಬಾಯಿ ಬಿಡುತ್ತಿದ್ದವು. ಮೂರು ದೋಣಿಗಳು ಕುರುಗೋಡಿನ ಹತ್ತಿರದ ಕಲ್ಲುಗಣಿಯ ಹೊಂಡದಲ್ಲಿ ತಳ ಕಂಡವು.

ನಾಲ್ಕನೆಯದರ ಪಕ್ಕೆಲುಬು ನೋಡಿದಾಗ ಅದು ನನಗೆ ಪ್ಯಾಂಟಿನ ಸೀಟಿನ ಹಾಗೆ ಕಂಡಿತು. ಉಬ್ಬಿದ್ದನ್ನು ಚಪ್ಪಟೆ ಬಟ್ಟೆಯಿಂದ ಹೊದಿಸುವುದೇ ನನ್ನ ಇಪ್ಪತ್ತು ವರ್ಷದ ಕಸುಬು. ಹಳೆ ಪೇಪರು ಸುತ್ತಿ, ಗುಂಡುಪಿನ್ನು ಚುಚ್ಚಿ, ಒಂದೊಂದು ಹಲಗೆಗೂ ಒಂದೊಂದು ಕಾಗದ ಕತ್ತರಿಸಿದೆ. ಮೂತಿಗೆ ಎಲೆಯ ಆಕಾರದ ತುಂಡುಗಳನ್ನು ಕೂಡಿಸಿದೆ. ಕಸುಬಿನ ರೂಢಿಯಂತೆ ಸುತ್ತಲೂ ಅರ್ಧ ಬೆರಳು ಮಾರ್ಜಿನ್ ಬಿಟ್ಟೆ. ಬಟ್ಟೆಯಾದರೆ ಅದು ಹೊಲಿಗೆಯೊಳಗೆ ಹೋಗುತ್ತದೆ. ಹಲಗೆಗೆ ಹೊಲಿಗೆ ಇಲ್ಲ, ಹಾಗಾಗಿ ಅವರು ಕೊಯ್ದು ಕೊಟ್ಟ ಹಲಗೆಗಳನ್ನು ನಾನೇ ಚಾಕುವಿನಿಂದ ಹೆರೆದು, ಸ್ಯಾಂಡ್‌ಪೇಪರಿನಿಂದ ಉಜ್ಜಿ, ಆ ಅರ್ಧ ಬೆರಳನ್ನು ತೆಗೆಯುತ್ತಿದ್ದೆ. ಎಲ್ಲಿಯವರೆಗೆ ಎಂಬ ಗೆರೆ ಎಳೆದಿರಲಿಲ್ಲ, ಅದು ನನ್ನ ಕಣ್ಣಲ್ಲಿತ್ತು. ನಾನು ಬರೀ ನುಣುಪು ಮಾಡುತ್ತಿದ್ದೇನೆ ಎಂದು ಗಂಡ ತಿಳಿದಿದ್ದರು.

ಆ ದೋಣಿ ತೇಲಿತು. ಹೊಂಡದ ಆ ದಡಕ್ಕೆ ಹೋಗಿ, ಒಳಗೆ ಒಂದು ಹನಿ ನೀರು ಬಿಟ್ಟುಕೊಳ್ಳದೆ ಈ ದಡಕ್ಕೆ ಬಂತು.

ಮೊದಲು ಯಾರಿಗೆ ತೋರಿಸಬೇಕೆಂದು ನಾನು ಯೋಚಿಸಬೇಕಾಗಿರಲಿಲ್ಲ. ಸಿರುಗುಪ್ಪದಲ್ಲಿ ಅಣ್ಣನ ಮನೆಯಲ್ಲಿ ನನ್ನ ಅಪ್ಪ ಇದ್ದಾರೆ. ತುಂಗಭದ್ರೆಯಲ್ಲಿ ಜೀವಮಾನವೆಲ್ಲ ಹರಿಗೋಲು ಹಾಕಿದವರು, ಹೊಳೆ ಬಂದಾಗ ಎಷ್ಟೋ ಜನರನ್ನು ದಂಡೆಗೆ ಎಳೆದು ತಂದವರು. ಆ ಬಿದಿರ ಬುಟ್ಟಿಗೆ ಹೊರಗಿನಿಂದ ಹೊದಿಸುವ ಪ್ಲಾಸ್ಟಿಕ್ ಚೀಲಗಳನ್ನು ಲಂಗ ತೊಡುವ ವಯಸ್ಸಿನಿಂದ ಕತ್ತರಿಸಿ ಕೊಟ್ಟವಳು ನಾನು. ನನ್ನ ಕೈಯಲ್ಲಿ ಏನು ವಿದ್ಯೆ ಇದೆಯೋ ಅದು ಅಲ್ಲಿಂದ ಬಂದದ್ದು. ಇದು ನನ್ನ ಮಗಳು ಮಾಡಿದ್ದು ಎಂದು ಅಪ್ಪ ಒಂದು ಸಲ ನಾಲ್ಕು ಜನರ ಮುಂದೆ ಅನ್ನಬೇಕು, ಅಷ್ಟೇ ನನ್ನ ಆಸೆ. ದೊಡ್ಡ ಆಸೆಯೇನಲ್ಲ.

ಹೊಳೆದಂಡೆಯಲ್ಲಿ ಅಪ್ಪನ ಓರಗೆಯವರೆಲ್ಲ ಸೇರಿದರು. ದೋಣಿ ಚೆನ್ನಾಗಿ ಓಡಿತು. ಅಪ್ಪ ತಮ್ಮ ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಅಳಿಯನಿಗೆ ಹೊದಿಸಿ, ಇವರ ಕೈಚಳಕ ನೋಡಿ ಎಂದು ಎಲ್ಲರಿಗೂ ಹೇಳಿದರು. ಯಾರೋ, ಹೇಗೆ ಮಾಡಿದಿರಿ ಎಂದು ಕೇಳಿದರು. ನಾನು ಗಂಡನ ಮುಖ ನೋಡಿದೆ. ಒಬ್ಬನೇ ಕೂತು ಮಾಡಿದೆ ಎಂದರು. ಆಮೇಲೆ ನನ್ನ ಕಡೆ ತಿರುಗಿ, ಚಹಾ ಆಯಿತೇ ಎಂದು ಕೇಳಿದರು.

ಬಳ್ಳಾರಿಗೆ ವಾಪಸ್ಸು ಬರುವ ಬಸ್ಸಿನಲ್ಲಿ, ನನ್ನ ಕೆಲಸದ ಮಾತು ಯಾಕೆ ಎತ್ತಲಿಲ್ಲ ಎಂದು ಕೇಳಿಯೇಬಿಟ್ಟೆ.

"ಹೆಂಡ್ತಿ ಕತ್ತರಿಸಿ ಕೊಟ್ಲು ಅಂತ ನಿಮ್ಮಪ್ಪನ ಮುಂದ ಹೇಳಿದ್ರ ನನ್ನ ಮರ್ಯಾದಿ ಏನ್ ಉಳೀತೈತಿ? ಕತ್ರಿ ಹಿಡಿಯಾದೂ ಒಂದ್ ಕೆಲ್ಸ ಏನು?" ಎಂದರು.

ಆ ಕತ್ತರಿಯನ್ನು ಅವತ್ತಿನಿಂದ ದೋಣಿಗೆ ಮುಟ್ಟಿಸಲಿಲ್ಲ.

ಮುಂದಿನದು ಜೀವರಕ್ಷಕ ದೋಣಿ. ಮೇಲೆಲ್ಲ ಮುಚ್ಚಿದ್ದು, ತಳದಲ್ಲಿ ಸೀಸದ ತೂಕ. ಅಲೆ ಬಡಿದು ಮಗುಚಿದರೂ ಅದು ತಾನಾಗಿ ಎದ್ದು ನಿಲ್ಲಬೇಕು. ಒಳಗೆ ನೀರು ಹೊಕ್ಕರೆ ಮಾತ್ರ ಏಳುವುದಿಲ್ಲ. ಇದನ್ನು ಮಾವನ ಮುಂದೆ ಮಗುಚಿ ತೋರಿಸಬೇಕೆಂದು ಗಂಡನ ಹಟ. ಬಸ್ಸಿನ ಆ ಜಗಳಕ್ಕೆ ಮುಂಚೆಯೇ ನಾನು ಇದರ ಕಾಗದಗಳನ್ನು ಕತ್ತರಿಸಿಟ್ಟಿದ್ದೆ. ಕಾಗದ ಇವೆಯಲ್ಲ, ಸಾಕು ಎಂದು ಅವನ್ನೇ ಅಂಟಿಸಿ, ಅಂಚಿಗೆ ಸರಿಯಾಗಿ ಹಲಗೆ ಕೊಯ್ದರು. ಹಲಗೆಗಳು ಒಂದರ ಮೇಲೊಂದು ಏರಿದವು. ಒತ್ತಿ ಹಿಡಿದು ಮೊಳೆ ಹೊಡೆದರು, ಸಂದಿ ಮುಚ್ಚಲು ಪುಟ್ಟಿಯಂಥ ಲಪ್ಪ ಮೆತ್ತಿದರು, ಕಿತ್ತಳೆ ಬಣ್ಣ ಬಳಿದರು. ನೋಡಲು ಮದುಮಗನ ಹಾಗಿತ್ತು. ನಾನು ಪಕ್ಕದಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಮಾರ್ಜಿನ್ ತೆಗೆಯಿರಿ ಎಂಬ ಮಾತು ಬಾಯಿಯವರೆಗೆ ಬಂತು, ನುಂಗಿಕೊಂಡೆ. ಮರೆತಿದ್ದೆ ಎಂದು ಸುಳ್ಳು ಹೇಳುವುದಿಲ್ಲ, ಬೇಕೆಂದೇ ಸುಮ್ಮನಿದ್ದೆ. ಕುರುಗೋಡಿನ ಹೊಂಡದಲ್ಲಿ ಅದನ್ನು ತೇಲಿಸಿ ನೋಡಿದರು. ಮೇಲ್ಭಾಗದ ಬಣ್ಣ ಇನ್ನೂ ಹಸಿಯಿದೆ ಎಂದು ಮಗುಚಿ ನೋಡಲಿಲ್ಲ. ನೋಡಿ ಎಂದು ನಾನೂ ಅನ್ನಲಿಲ್ಲ.

ಸಿರುಗುಪ್ಪದಲ್ಲಿ ಅದೇ ದಂಡೆ, ಅದೇ ಜನ. ನಡುಮಟ್ಟದ ನೀರಿಗೆ ಇಳಿದು ಗಂಡ ದೋಣಿಯನ್ನು ಬೋರಲು ಹಾಕಿ ಕೈಬಿಟ್ಟರು. ಅದು ಅರ್ಧ ಎದ್ದಿತು, ಮತ್ತೆ ಬೋರಲಾಯಿತು. ಲಪ್ಪ ಬಿರಿದು ಸಂದಿಗಳಿಂದ ಗುಳ್ಳೆ ಏಳುತ್ತಿದ್ದವು. ಅಪ್ಪನ ಮುಖ ನೋಡಿ ಜನ ನಗು ತಡೆದುಕೊಂಡರು. ಕಟ್ಟಿಗೆ ಕೈಕೊಟ್ಟಿತು ಎನ್ನುತ್ತ ಗಂಡ ಅದನ್ನು ದಂಡೆಗೆ ತಂದಿಟ್ಟು, ಒದ್ದೆ ಬಟ್ಟೆಯಲ್ಲೇ ಚಹಾ ತರಲು ಹೋದರು. ಅವರ ಜೋಲು ಭುಜ ನೋಡಿ ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ.

ಅಪ್ಪ ದೋಣಿಯನ್ನು ತೊಡೆಯ ಮೇಲೆ ಎಳೆದುಕೊಂಡು ಸಂದಿಗಳ ಮೇಲೆ ಹೆಬ್ಬೆರಳಾಡಿಸಿದರು. ನನಗಷ್ಟೇ ಕೇಳುವಂತೆ ಮಾತಾಡಿದರು.

"ಇದನ್ನ ಕತ್ತರಿಸಿದಾಕಿ ನೀನ. ಸುತ್ತ ಅರ್ಧ ಬೆರಳು ಜಾಸ್ತಿ ಬಿಡಾದು ಸಣ್ಣಾಕಿದ್ದಾಗಿಂದ ನಿನ್ನ ಚಟ. ಆ ಮೊದಲಿನ ದೋಣಿ ಮೂತಿಗೂ ಎಲಿ ಹಂಗ ತುಂಡು ಕೂಡ್ಸಿದ್ದಿ, ಹರಿಗೋಲಿಗೆ ಕೂಡ್ಸಿದಂಗ. ಅವತ್ತ ಗೊತ್ತಾಗಿತ್ತವ್ವ ನನಗ."

ಹಾಗಾದರೆ ಟವೆಲ್ಲು ಅವರಿಗ್ಯಾಕೆ ಎಂದು ಕೇಳಿದೆ.

"ಅವ್ರು ಅಳಿಯಾರು. ನೀ ಮಗಳು, ನಿನಗ ಹೇಳದಿದ್ರೂ ನಡೀತೈತಿ."

ಅಷ್ಟರಲ್ಲಿ ಗಂಡ ಗ್ಲಾಸುಗಳನ್ನು ಹಿಡಿದು ಬಂದರು. ಅಪ್ಪ ಮೊದಲ ಗ್ಲಾಸು ತೆಗೆದುಕೊಂಡು, ದಂಡೆಯಲ್ಲಿದ್ದವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದರು.

"ಕಟ್ಗಿ ಖರಾಬ್ ಇತ್ತು ಬಿಡ್ರಿ. ನಿಮ್ಮ ಕೈಯಾಗ ತಪ್ಪಿಲ್ಲ."

ನಾನು ಚಹಾ ಕುಡಿದೆ. ಗಂಡನ ಮೇಲಿನ ಸಿಟ್ಟು ಆಮೇಲೆ ಎಷ್ಟೋ ಸಲ ಬಂದು ಹೋಗಿದೆ. ಅಪ್ಪನ ಮೇಲೆ ಅವತ್ತು ಬಂದದ್ದು ಇನ್ನೂ ಹೋಗಿಲ್ಲ.