ಆ್ಯಪ್ ಅಳಿಸಿದ ಕೆಂಪು ಚೌಕ

ಕೋವಿಡ್ ಕಳೆದು ಕೆಲಸಗಳೆಲ್ಲ ಹಳಿಗೆ ಬಂದಿದ್ದ ಕಾಲ. ಸೇಡಂ ಹತ್ತಿರದ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ನಾನು ಸೇಫ್ಟಿ ಆಫೀಸರ್ ಆಗಿದ್ದೆ. ನನ್ನೂರು ಶಹಾಬಾದ. ಸ್ವಭಾವದಿಂದ ನಾನು ಅಂಜುಬುರುಕ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ಮನೆಗೆ ವಾಪಸ್ ಹೋಗಿ ಹೆಂಡತಿಯ ಕೈಲಿ ಬೈಸಿಕೊಂಡವನು. ಇಂಥ ಗುಣಕ್ಕೂ ಸಂಬಳ ಕೊಡುವ ನೌಕರಿ ಇದೆ ಎಂಬುದೇ ನನ್ನ ಪುಣ್ಯ.

ಸಿಮೆಂಟ್ ಕಾರ್ಖಾನೆಯಲ್ಲಿ ದೂರದಿಂದಲೇ ಕಾಣುವ ಎತ್ತರದ ಗೋಪುರಕ್ಕೆ ಪ್ರೀಹೀಟರ್ ಎನ್ನುತ್ತಾರೆ. ಅದರೊಳಗೆ ಸೈಕ್ಲೋನ್ ಎಂಬ ದೈತ್ಯ ಆಲಿಕೆಗಳು ಒಂದರ ಕೆಳಗೊಂದು ಇರುತ್ತವೆ. ಸುಣ್ಣಕಲ್ಲಿನ ಪುಡಿ ಅವುಗಳಲ್ಲಿ ಕಾಯುತ್ತಾ ಇಳಿದು ಕಿಲ್ನ್ ಎಂಬ ತಿರುಗುವ ಕುಲುಮೆಗೆ ಬೀಳುತ್ತದೆ. ಕುಲುಮೆಯ ಆಚೆ ತುದಿಯಲ್ಲಿ ಕೂಲರ್ ಇದೆ. ಕೆಲವೊಮ್ಮೆ ಪುಡಿ ಆಲಿಕೆಯ ಕುತ್ತಿಗೆಯಲ್ಲಿ ಗಡ್ಡೆ ಕಟ್ಟಿಕೊಳ್ಳುತ್ತದೆ. ಅದೇ ಜಾಮ್. ಕುಲುಮೆ ಆರಿ ದಿನಗಳಾದರೂ ಆ ಗಡ್ಡೆಯ ಹೊಟ್ಟೆಯಲ್ಲಿ ಕೆಂಡದ ಬಿಸಿ ಉಳಿದಿರುತ್ತದೆ. ಉದ್ದನೆಯ ಪೈಪಿನಿಂದ ಚುಚ್ಚಿ ಕೆಡವುವಾಗ ಅದು ಒಮ್ಮೆಲೆ ಕಳಚಿದರೆ ಪುಡಿ ನೀರಿನಂತೆ ಹರಿದು ಕುಲುಮೆ ದಾಟಿ ಕೂಲರಿಗೂ ನುಗ್ಗಬಹುದು. ದಾರಿಯಲ್ಲಿದ್ದ ಮನುಷ್ಯನಿಗೆ ತಿರುಗಿ ನೋಡುವಷ್ಟೂ ಸಮಯ ಸಿಗದು.

ಜಾಮ್ ಬಿಡಿಸುವ ಕ್ರಮವನ್ನು ನಾವು ಕಾರ್ಖಾನೆಯ ಕಂಪ್ಯೂಟರುಗಳ ಒಳಜಾಲದ ಒಂದು ಪುಟದಲ್ಲಿ ಹಾಕಿದ್ದೆವು. ಅದರ ಬಲಗಡೆ, ಯಾರ ಕಣ್ಣಿಗೂ ತಪ್ಪದಿರಲಿ ಎಂದು, ನಾನೇ ಹಟ ಹಿಡಿದು ಒಂದು ಕೆಂಪು ಚೌಕ ಹಾಕಿಸಿದ್ದೆ. ‘ಚುಚ್ಚುವ ಮೊದಲು ಕಿಲ್ನ್ ಮತ್ತು ಕೂಲರ್ ಖಾಲಿ ಇರಬೇಕು’ ಎಂದು ಅದರಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು.

ಗೋಪುರದ ಮೇಲೆ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಶಿಫ್ಟ್ ಎಂಜಿನಿಯರ್ ಮಹಾಂತೇಶ ಅದಕ್ಕೊಂದು ಉಪಾಯ ಹುಡುಕಿದ. ಚಿತ್ತಾಪುರದವನು, ಚುರುಕು, ಮೇಜಿನ ಮೇಲೆ ಒಂದು ಪೆನ್ನೂ ವಾರೆಯಾಗಿ ಇರಬಾರದು ಎನ್ನುವವನು. ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಬೇಕಾದ ಪುಟ ಅವನು ಮೊಬೈಲಿಗೆ ಹಾಕಿಕೊಂಡ ಒಂದು ಆ್ಯಪ್ ಒಳಗೆ ಕೂತುಬಿಡುತ್ತಿತ್ತು. ಆಮೇಲೆ ನೆಟ್ ಇರಲಿ ಬಿಡಲಿ, ಬೇಕೆಂದಾಗ ಓದಬಹುದು. ಜಾಹೀರಾತು, ಪಕ್ಕದ ಪಟ್ಟಿ, ಮಿನುಗುವ ಚಿತ್ರಗಳನ್ನೆಲ್ಲ ಕಿತ್ತುಹಾಕಿ ಬರಿಯ ಬರಹ ತೋರಿಸುವುದೇ ಅದರ ಹೆಚ್ಚುಗಾರಿಕೆ. “ನೋಡ್ರಿ ಸರ್, ಎಷ್ಟ್ ಸ್ವಚ್ಛ ಕಾಣ್ತದ!” ಎಂದು ಎಲ್ಲರಿಗೂ ತೋರಿಸಿ ಅವರ ಮೊಬೈಲಿಗೂ ಹಾಕಿಕೊಡುತ್ತಿದ್ದ. ನಿಜಕ್ಕೂ ಸ್ವಚ್ಛವಾಗಿಯೇ ಕಾಣುತ್ತಿತ್ತು.

ಆ ವರ್ಷದ ರಿಪೇರಿಗೆ ಕುಲುಮೆ ಆರಿಸಿದ್ದರು. ಒಂದು ದಿನ ನಾನು ಕಲಬುರಗಿಯಲ್ಲಿ ಮೀಟಿಂಗ್ ಮುಗಿಸಿ ಮಧ್ಯಾಹ್ನ ಬಂದು ಕಂಟ್ರೋಲ್ ರೂಮಿಗೆ ಕಾಲಿಟ್ಟೆ. ಆಪರೇಟರ್ ಸುನಂದಾ ಒಬ್ಬಳೇ ಇದ್ದಳು. “ಸೈಕ್ಲೋನ್‌ದಾಗ ಜಾಮ್ ಸಿಕ್ಕಾದ್ರಿ ಸರ್. ಮಹಾಂತೇಶ ಸರ್ ಮಂದೀನ್ ಕರಕೊಂಡು ಮ್ಯಾಲ ಹೋಗ್ಯಾರ. ಎಲ್ಲಾರಿಗೂ ಓದಿ ಹೇಳೇ ಹೋಗ್ಯಾರ್ರಿ” ಎಂದು ತನ್ನ ಮೊಬೈಲಿನಲ್ಲಿದ್ದ ಅದೇ ಪುಟ ತೋರಿಸಿದಳು.

ನಾನು ಓದಿದೆ. ಶಾಖ ತಡೆಯುವ ಉಡುಪು, ಒಂದು ಸಲಕ್ಕೆ ಸೈಕ್ಲೋನಿನ ಒಂದೇ ಬಾಗಿಲು ತೆರೆಯುವುದು, ಕೆಳಗಿನಿಂದ ಮೇಲಕ್ಕೆ ಚುಚ್ಚುವುದು. ಎಲ್ಲವೂ ಇತ್ತು. ಕೆಂಪು ಚೌಕ ಇರಲಿಲ್ಲ. ಬೆರಳಿನಿಂದ ಮೇಲೆ ಕೆಳಗೆ ಸರಿಸಿದೆ. ಎಲ್ಲಿಯೂ ಇಲ್ಲ.

“ಕೂಲರ್‌ದಾಗ ಯಾರರೆ ಅದಾರೇನವ್ವಾ?”

“ಮೇಸ್ತ್ರಿ ಹುಸೇನಸಾಬರ ಟೋಳಿ ಅದರಿ. ಮುಂಜಾನಿಂದ ಇಟ್ಟಂಗಿ ಕೂಡಸಾಕತ್ತಾರ.”

ಇಟ್ಟಿಗೆಯ ಕೆಲಸ ಮೆಕ್ಯಾನಿಕಲ್ ವಿಭಾಗದ್ದು, ಜಾಮ್ ಬಿಡಿಸುವುದು ಪ್ರೊಡಕ್ಷನ್ ವಿಭಾಗದ್ದು. ಒಬ್ಬರದು ಇನ್ನೊಬ್ಬರಿಗೆ ಗೊತ್ತಿಲ್ಲ. ಎರಡೂ ಗೊತ್ತಿದ್ದ ಸುನಂದಾಳಿಗೆ ಅವು ಒಟ್ಟಿಗೆ ನಡೆಯಬಾರದೆಂದು ಹೊಳೆದಿರಲಿಲ್ಲ. ಅದನ್ನು ನೆನಪಿಸಬೇಕಾಗಿದ್ದ ಒಂದೇ ಸಾಲು ಪುಟದಿಂದ ಮಾಯವಾಗಿತ್ತು.

ವಾಕಿಟಾಕಿಯಲ್ಲಿ ಮಹಾಂತೇಶನನ್ನು ಕೂಗಿದೆ. ಉತ್ತರವಿಲ್ಲ. ಆ ಬೆಳ್ಳಿಬಣ್ಣದ ಉಡುಪಿನ ಟೊಪ್ಪಿಗೆ ಹಾಕಿಕೊಂಡರೆ ಏನೂ ಕೇಳದು. ಸುನಂದಾ ಸೈರನ್ ಒತ್ತಿದಳು. ಮೇಲೆ ಚುಚ್ಚುವ ಪೈಪಿನಿಂದ ಒತ್ತಡದಲ್ಲಿ ನುಗ್ಗುವ ಗಾಳಿಯ ಅಬ್ಬರ, ಕೂಲರ್ ಒಳಗೆ ಇಟ್ಟಿಗೆ ಕೊಯ್ಯುವ ಮಷಿನ್ನಿನ ಕಿರುಚು. ಸೈರನ್ ಕೇಳುವವರಾದರೂ ಯಾರು? ಲಿಫ್ಟ್ ಗೋಪುರದ ತುದಿಯಲ್ಲಿ ನಿಂತಿತ್ತು. ಮೆಟ್ಟಿಲು ಹತ್ತಿ ಮೇಲಿನವರನ್ನು ತಡೆಯುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. “ನೀ ಕರೀತಾನೇ ಇರವ್ವಾ” ಎಂದು ಸುನಂದಾಳಿಗೆ ಹೇಳಿ ಕೂಲರ್ ಕಡೆ ಓಡಿದೆ. ದೇವರೇ, ಈಗ ಬೇಡ, ಈಗ ಬೇಡ ಎಂದು ಗಟ್ಟಿಯಾಗಿಯೇ ಅನ್ನುತ್ತಿದ್ದೆ.

ಕೂಲರಿನ ಬಾಗಿಲೆಂದರೆ ಬಗ್ಗಿ ನುಸುಳುವಷ್ಟು ಕಿಂಡಿ. ತಲೆ ಒಳಗೆ ಹಾಕಿ ಮಷಿನ್ನಿನ ವೈರ್ ಕಿತ್ತೆಸೆದೆ. “ಎಲ್ಲಾರೂ ಹೊರಗ ಬರ್ರಿ! ಮ್ಯಾಲ ಜಾಮ್ ಚುಚ್ಚಾಕತ್ತಾರ!” ಹುಡುಗರು ದಡಬಡನೆ ನುಸುಳಿ ಬಂದರು. ಮೇಸ್ತ್ರಿ ಹುಸೇನಸಾಬರು ಮಾತ್ರ ಅಲುಗಲಿಲ್ಲ. ವಾಡಿಯವರು, ಬೆಂಕಿ ತಡೆಯುವ ಇಟ್ಟಿಗೆಯ ಕೆಲಸದಲ್ಲಿ ಪಳಗಿದ ಕೈ. ಕಮಾನಿನ ಸಾಲಿಗೆ ಕೊನೆಯಲ್ಲಿ ಬಿಗಿಯುವ ಕೀಲಿ ಇಟ್ಟಿಗೆ ಬಾಕಿ ಇತ್ತು. ಕೀಲಿ ಕೂಡಿಸದೆ ಸಾಲು ಬಿಟ್ಟು ಏಳುವುದು ಅವರ ಕಸುಬಿನಲ್ಲಿ ಅವಮಾನ.

“ಒಂದೇ ಇಟ್ಟಂಗಿ ಉಳದಾದ್ರಿ ಸಾಹೇಬ್ರ. ಬಿಟ್ರ ಸಾಲೆಲ್ಲಾ ಬೀಳ್ತದ.”

“ಬೀಳ್ಲಿ ಹುಸೇನಭಾಯ್! ನಿಮ್ಮ ಕಾಲಿಗೆ ಬೀಳ್ತೀನಿ, ಬರ್ರಿ!”

ಅವರು ಕೀಲಿ ಇಟ್ಟಿಗೆ ಬಡಿಯಲು ಸುತ್ತಿಗೆ ಎತ್ತಿದರು. ನಾನು ಒಳಗೆ ನುಗ್ಗಿ ಅಂಗಿ ಹಿಡಿದು ಎಳೆದೆ. ಹಿಂದೆ ಇಟ್ಟಿಗೆಗಳು ದಬದಬ ಬಿದ್ದವು. ಹೊರಗೆ ಬಂದ ಮೇಲೂ ಎಲ್ಲರನ್ನೂ ದೂರ ದೂರ ತಳ್ಳಿದೆ. ಹುಸೇನಸಾಬರ ಮುಖ ಸಿಟ್ಟಿಗೆ ಕೆಂಪಾಗಿತ್ತು. “ಇಡೀ ದಿನದ ಕೆಲಸ ಬರ್ಬಾದ್ ಮಾಡಿದ್ರಿ” ಎಂದರು. ಏನೂ ಆಗಲಿಲ್ಲ. ಸೈರನ್ ನಿಂತಿತು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ನನಗೂ ಒಂದು ಗಳಿಗೆ ನಾಚಿಕೆಯಾಯಿತು.

ಆಗ ನೆಲದಡಿಯಿಂದ ಬಂದಂತೆ ಗುಡುಗಿನ ಸದ್ದು ಕೇಳಿತು. ಕೂಲರಿನ ಕಿಂಡಿ ಒಮ್ಮೆ ಉಸಿರು ಬಿಟ್ಟಿತು. ಬಿಸಿ ಮುಖಕ್ಕೆ ರಾಚಿತು. ಕೆಂಪಗೆ ಹೊಳೆಯುವ ಪುಡಿ ಹೊರಗೆ ಚಿಮ್ಮಿ, ಬಾಗಿಲ ಬಳಿ ಬಿದ್ದಿದ್ದ ಪ್ಲಾಸ್ಟಿಕ್ ಡಬ್ಬಿಗಳು ನೋಡುನೋಡುತ್ತ ಕರಗಿದವು. ಹುಸೇನಸಾಬರು ಅಲ್ಲಿಯೇ ಕುಸಿದು ಕೂತರು. ನಾನೂ ಪಕ್ಕದಲ್ಲಿ ಕೂತೆ.

ಮೇಲಿನವರಿಗೆ ಏನೂ ಆಗಿರಲಿಲ್ಲ. ಇಳಿದು ಬಂದ ಮಹಾಂತೇಶನಿಗೆ ವಿಷಯ ಹೇಳಿದೆ. ಕಂಟ್ರೋಲ್ ರೂಮಿನಲ್ಲಿ ಮೂಲ ಪುಟವನ್ನೂ ಮೊಬೈಲಿನ ಪ್ರತಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದೆವು. ಪಕ್ಕದಲ್ಲಿ, ಬಣ್ಣದಲ್ಲಿ, ಚೌಕಟ್ಟಿನೊಳಗೆ ಇದ್ದದ್ದನ್ನೆಲ್ಲ ಓದಲು ಅಡ್ಡವಾಗುವ ಜಾಹೀರಾತು ಎಂದುಕೊಂಡು ಆ್ಯಪ್ ತೆಗೆದುಹಾಕಿತ್ತು. ಎದ್ದು ಕಾಣಲಿ ಎಂದು ನಾವು ಮಾಡಿದ್ದೇ ಅದು ಕಣ್ಮರೆಯಾಗಲು ಕಾರಣವಾಗಿತ್ತು. ಎಲ್ಲರ ಮೊಬೈಲಿನಿಂದಲೂ ಆ ಪ್ರತಿಯನ್ನು ಅಂದೇ ತೆಗೆಸಿದೆವು.

ಮಹಾಂತೇಶ ಇದನ್ನೆಲ್ಲ ಹುಸೇನಸಾಬರಿಗೆ ತಾನೇ ವಿವರಿಸಿ ಹೇಳಿದ. ಅವರು ಕೊನೆಯವರೆಗೆ ಕೇಳಿದರು. ಆಮೇಲೆ, “ಅಂದ್ರ ಆ ಆ್ಯಪಿಗಿ ನಾವು ಓದಾಕ ಅಡ್ಡ ಆಗಿದ್ವೇನ್ರಿ?” ಎಂದರು. ಸಿಟ್ಟಿನಿಂದಲ್ಲ, ತಿಳಿದುಕೊಳ್ಳಲೆಂದೇ ಕೇಳಿದರು. ಮಹಾಂತೇಶ ಮುಖ ಮುಚ್ಚಿಕೊಂಡು ಅತ್ತುಬಿಟ್ಟ.

ಓದಲು ಹಗುರವಾಗಿದೆ ಎಂದರೆ ಏನನ್ನೋ ತೆಗೆದಿರುತ್ತಾರೆ, ಏನನ್ನು ತೆಗೆದರೆಂದು ಕೇಳಬೇಕು. ಆ ನೌಕರಿ ನನಗೆ ಕಲಿಸಿದ್ದು ಇದನ್ನು. ಮಹಾಂತೇಶ ಕಲಿತದ್ದು ಇನ್ನೂ ದೊಡ್ಡದು. ಅಂದಿನಿಂದ ಅವನು ಜಾಮ್ ಬಿಡಿಸುವ ಮೊದಲು ಮೊಬೈಲ್ ತೆಗೆಯುವುದಿಲ್ಲ. ಕೂಲರಿಗೆ ನಡೆದು ಹೋಗಿ, ಕಿಂಡಿಯಲ್ಲಿ ತಲೆ ಹಾಕಿ, ಆ ಕತ್ತಲೆಗೆ ಕೂಗಿ ಕೇಳುತ್ತಾನೆ: “ಒಳಗ ಯಾರರೆ ಅದೀರೇನ್ರಿ?” ಉತ್ತರ ಬರದಿದ್ದರೂ ಅವನಿಗೆ ನಂಬಿಕೆ ಬರುವುದಿಲ್ಲ. ಒಳಗೆ ಇಳಿದು, ಗೋಡೆ ಮುಟ್ಟುತ್ತಾ ಕೊನೆಯವರೆಗೆ ಹೋಗಿಬರುತ್ತಾನೆ.