ಕಾಲೆಂದರೆ ನಿನ್ನೆ

ಪಕ್ಕದ ಕೋಣೆಯಲ್ಲಿ ಮಗಳು ತನ್ನ ಡಾಕ್ಟರಿಕೆಯ ಏಪ್ರನ್ನಿಗೆ ಇಸ್ತ್ರಿ ಮಾಡುತ್ತಿದ್ದಾಳೆ. ಗಂಜಿ ಹಾಕಿದ ಬಿಳಿ ಬಟ್ಟೆಯ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಹರಿದಾಗ ಒಂದು ವಾಸನೆ ಏಳುತ್ತದಲ್ಲ, ಅದು ನಿಮಗೆ ಹಬ್ಬವನ್ನೋ ಮದುವೆಮನೆಯನ್ನೋ ನೆನಪಿಸಬಹುದು. ನನಗೆ ಮಾತ್ರ ಸಿಟ್ಟು ಬರುತ್ತದೆ. ನಾನೂ ಡಾಕ್ಟರೇ. ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿ ಕೆಳಗೆ ದವಾಖಾನೆ, ಮೇಲೆ ಮನೆ. ಆದರೆ ಏಪ್ರನ್ ಹಾಕುವುದಿಲ್ಲ. ಇದರಿಂದಾಗಿ ಹೊಸ ರೋಗಿಗಳು ಎಷ್ಟೋ ಸಲ ನನ್ನನ್ನು ದಾಟಿಕೊಂಡು ಹೋಗಿ ಬಿಳಿ ಅಂಗಿಯ ಕಂಪೌಂಡರನಿಗೆ ಕೈ ಮುಗಿಯುತ್ತಾರೆ. ಅವನಿಗೆ ಇದರಲ್ಲಿ ಬೇಸರವಿದ್ದಂತೆ ಕಾಣುವುದಿಲ್ಲ.

ಭಂಡಾರಕವಠೆಯ ಹೊಲಮನೆ ಬಿಟ್ಟು ಸೊಲ್ಲಾಪುರಕ್ಕೆ ಡಾಕ್ಟರಿಕೆ ಕಲಿಯಲು ಬಂದಾಗ ನಾನೂ ಏಪ್ರನ್ನಿಗೆ ಮರುಳಾದವನೇ. ಅದನ್ನು ಹಾಕಿಕೊಂಡೇ ಚಹಾ ಕುಡಿಯಲು ಹೋಗುತ್ತಿದ್ದೆವು, ಕ್ಷೌರಕ್ಕೂ ಹೋಗುತ್ತಿದ್ದೆವು. ನನ್ನ ಗೆಳೆಯನೊಬ್ಬ ಮೊದಲ ವರ್ಷದಲ್ಲೇ ಸ್ಟೆತಸ್ಕೋಪನ್ನು ಕೊರಳಿಗೆ ಹಾಕಿಕೊಂಡು ಅಕ್ಕಲಕೋಟೆಯ ಬಸ್ಸು ಹತ್ತಿದ. ದಾರಿಯಲ್ಲಿ ಮುದುಕಿಯೊಬ್ಬಳು ತಲೆ ತಿರುಗಿ ಬಿದ್ದಳು. ಇಡೀ ಬಸ್ಸು ಇವನ ಕಡೆ ತಿರುಗಿತು. ಆಗ ಅವನಿಗೆ ಗೊತ್ತಿದ್ದದ್ದು ಕೈಯ ಎಲುಬುಗಳ ಹೆಸರು ಮಾತ್ರ. ಅವನು ಗಂಭೀರವಾಗಿ ಅವಳ ಕೈ ಹಿಡಿದು ಕೂತ. ಅಷ್ಟರಲ್ಲಿ ಕಂಡಕ್ಟರು ನೀರು ಚಿಮುಕಿಸಿ ಅವಳನ್ನು ಎಬ್ಬಿಸಿದ. ಮುದುಕಿ ಎದ್ದವಳೇ ಹರಸಿದ್ದು ನನ್ನ ಗೆಳೆಯನನ್ನು. ವೈದ್ಯಕೀಯದ ಮೊದಲ ಪಾಠವನ್ನು ಅವನು ಅಲ್ಲೇ ಕಲಿತ ಎಂದು ನನ್ನ ನಂಬಿಕೆ. ಈಗ ದೊಡ್ಡ ಆಸ್ಪತ್ರೆ ಕಟ್ಟಿದ್ದಾನೆ.

ಕಲಿಯುವುದೆಂದರೆ ಏನು ಎಂದು ನೀವು ಕೇಳಬಹುದು. ಪರೀಕ್ಷೆಗೆ ಒಬ್ಬೊಬ್ಬರಿಗೆ ಒಬ್ಬೊಬ್ಬ ರೋಗಿಯನ್ನು ಕೊಡುತ್ತಿದ್ದರು. ನಾವು ತಪಾಸಣೆ ಮಾಡಿ ರೋಗ ಯಾವುದೆಂದು ಹೇಳಬೇಕು. ಆದರೆ ಆ ರೋಗಿಗಳೂ ಪ್ರತಿ ವರ್ಷ ಅವರೇ. ಹೃದಯದ ಕವಾಟ ಕೆಟ್ಟ ಗೃಹಸ್ಥನೊಬ್ಬ ನನಗಿಂತ ಮೊದಲೇ ಎಷ್ಟು ಬ್ಯಾಚುಗಳನ್ನು ಪಾಸು ಮಾಡಿಸಿದ್ದನೋ. ನಾನು ಎದೆಯ ಮೇಲೆ ಸ್ಟೆತಸ್ಕೋಪ್ ಇಡುವ ಮೊದಲೇ, "ಅಲ್ಲಲ್ಲ, ಇನ್ನೊಂದೀಟ ಎಡಕ್ಕ ಇಡ್ರಿ," ಎಂದು ಜಾಗ ತೋರಿಸಿದ. ಆಮೇಲೆ ರೋಗದ ಇಂಗ್ಲಿಷ್ ಹೆಸರನ್ನೂ ಪಿಸುಗುಟ್ಟಿದ. ಹೊರಗೆ ಬಂದು ಅವನಿಗೆ ಚಹಾ ಕುಡಿಸಿದೆ. ಹೀಗೆ ಚಹಾದ ಮೇಲೆ ತಯಾರಾದ ಡಾಕ್ಟರುಗಳು ಈಗ ನಿಮ್ಮ ಎದೆಯ ಮೇಲೆ ಕಿವಿ ಇಡುತ್ತಿದ್ದೇವೆ.

ಇನ್ನು ವಾರ್ಡಿನ ರೌಂಡು. ಕಾಲೇಜಿನಲ್ಲಿ ಉಳಿದವರಿಗೆಲ್ಲ ಹೆಸರಿನ ಮುಂದೆ ಸರ್ ಎನ್ನುತ್ತಿದ್ದೆವು. ಶಸ್ತ್ರಚಿಕಿತ್ಸೆಯ ಮುಖ್ಯಸ್ಥರಿಗೆ ಮಾತ್ರ ಬರೀ ಸರ್. ಅವರು ಮುಂದೆ, ಅವರ ಹಿಂದೆ ಲೆಕ್ಚರರು, ಅವರ ಹಿಂದೆ ರೆಸಿಡೆಂಟರು, ಕೊನೆಗೆ ನಾವು. ರೋಗಿಗೆ ಎಲ್ಲರಿಗಿಂತ ಕೊನೆಯ ಸ್ಥಾನ. ಸರ್ ಪುಣೆಯವರು. ತಾವು ಆಡುವುದು ಮರಾಠಿ, ಸೊಲ್ಲಾಪುರದವರು ಆಡುವುದು ಕೆಟ್ಟ ಮರಾಠಿ ಎಂದು ಅವರ ಅಭಿಪ್ರಾಯ. ಕನ್ನಡವನ್ನು ಅವರು ಭಾಷೆ ಎಂದು ತಿಳಿದಿರಲಿಲ್ಲ. ಕೆಮ್ಮಿನ ಹಾಗೆ ಅದು ರೋಗಿಗಳಿಂದ ಹೊರಡುವ ಒಂದು ಸದ್ದು. ಮಂಚದ ಬುಡದಲ್ಲಿ ನಿಂತು, ಕೈ ಹಚ್ಚದೆ, ಒಂದೇ ಪ್ರಶ್ನೆ ಕೇಳಿ ರೋಗ ಹೇಳುತ್ತಾರೆಂಬುದು ಅವರ ಖ್ಯಾತಿ. ಕೈ ಹಚ್ಚಿ ನೋಡುವವರನ್ನು ಕಂಡರೆ ಅವರಿಗೆ ಕನಿಕರ.

ಇಂಥ ಒಂದು ರೌಂಡಿನ ನಡುವೆ ಸಿದ್ರಾಮಪ್ಪನನ್ನು ತಂದರು. ಅಕ್ಕಲಕೋಟೆ ತಾಲೂಕಿನ ಕುರನೂರಿನವನು, ಕಬ್ಬು ಬೆಳೆಯುವವನು, ಆಳು ಗಟ್ಟಿಮುಟ್ಟು. ಒಂದು ಕಾಲು ಮಾತ್ರ ಬಿಳಿಚಿಕೊಂಡು ತಣ್ಣಗಾಗಿತ್ತು. ನೋವಿಗೆ ಹಲ್ಲು ಕಚ್ಚಿ ಮಂಚದ ಕಂಬಿ ಹಿಡಿದಿದ್ದ. ಜೊತೆಗೆ ಹೆಂಡತಿ ಮಹಾದೇವಿ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಅಡ್ಡ ಕೂತಿದೆ ಎಂದು ನಮ್ಮಂಥವರಿಗೂ ಗೊತ್ತಾಗುವಷ್ಟು ಸ್ಪಷ್ಟವಾಗಿತ್ತು. ಇದರಲ್ಲಿ ಹೊತ್ತೇ ಮುಖ್ಯ. ಕೆಲವು ತಾಸಿನೊಳಗೆ ಹೆಪ್ಪು ತೆಗೆದರೆ ಕಾಲು ಉಳಿಯುತ್ತದೆ. ತಡವಾದರೆ ಕಾಲು ಸಾಯುತ್ತದೆ, ಆಮೇಲೆ ಜೀವ ಉಳಿಸಲು ಕಾಲನ್ನೇ ತೆಗೆಯಬೇಕು.

ಸರ್ ಮಂಚದ ಬುಡದಲ್ಲಿ ನಿಂತು ತಮ್ಮ ಒಂದು ಪ್ರಶ್ನೆ ಕೇಳಿದರು. "ಕಧೀಪಾಸೂನ ದುಖತಂಯ?" ಯಾವಾಗಿನಿಂದ ನೋವು ಎಂದು.

ಸಿದ್ರಾಮಪ್ಪನಿಗೆ ಪೇಟೆಯಲ್ಲಿ ಬೆಲ್ಲ ಮಾರುವಷ್ಟು ಮರಾಠಿ ಬರುತ್ತಿತ್ತು. ಆದರೆ ನೋವು ಬಂದಾಗ ಎರಡನೆಯ ಭಾಷೆ ಮೊದಲು ಕೈಬಿಡುತ್ತದೆ. ನೋವಿನ ಸುದ್ದಿ ಕೇಳುತ್ತಿದ್ದಾರೆ ಎಂದಷ್ಟೇ ಅವನಿಗೆ ತಿಳಿಯಿತು. ಎಲ್ಲಿ ನೋವು ಎಂದು ಹೇಳಿದ.

"ಕಾಲ್... ಕಾಲ್ರಿ ಸಾಹೇಬ್ರ."

ಮರಾಠಿಯಲ್ಲಿ ಕಾಲ್ ಎಂದರೆ ನಿನ್ನೆ.

ಸರ್ ನಮ್ಮ ಕಡೆ ತಿರುಗಿದರು. ನಿನ್ನೆಯಿಂದ ಎಂದು ಬರೆದುಕೊಳ್ಳಿ ಎಂದರು. ಇಷ್ಟು ತಡವಾದ ಮೇಲೆ ಹೆಪ್ಪು ಹುಡುಕುತ್ತ ಕೂರುವುದು ಆಪರೇಷನ್ ಥಿಯೇಟರಿನ ಹೊತ್ತು ಹಾಳು ಎಂದು ಇಂಗ್ಲಿಷಿನಲ್ಲಿ ಸಣ್ಣದೊಂದು ಪ್ರವಚನವಾಯಿತು. ಮೊಳಕಾಲಿನ ಮೇಲಕ್ಕೆ ಬೆರಳಿನಿಂದ ಗಾಳಿಯಲ್ಲೇ ಗೆರೆ ಎಳೆದು, ಇಲ್ಲಿಂದ ತೆಗೆಯಿರಿ ಎಂದರು. ತನ್ನ ಕಾಲನ್ನು ಎಲ್ಲಿಂದ ಕಡಿಯಬೇಕೆಂದು ಮಾತಾಡುತ್ತಿದ್ದಾರೆ ಎಂಬುದು ತಿಳಿಯದೆ ಸಿದ್ರಾಮಪ್ಪ ಆ ಬೆರಳನ್ನೇ ಆಸೆಯಿಂದ ನೋಡುತ್ತಿದ್ದ.

ನಾನು ಹಿಂದಿನಿಂದ ಹೇಳಿದೆ, ಸರ್, ಅವನು ನಿನ್ನೆ ಎನ್ನಲಿಲ್ಲ, ಕನ್ನಡದಲ್ಲಿ ಪಾಯ್‌ಗೆ ಕಾಲು ಅನ್ನುತ್ತಾರೆ. ಸರ್ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಹಾ ಡಾಕ್ಟರ್ ಹೋಣಾರ ಕೀ ದುಭಾಷೀ?" ಇವನು ಡಾಕ್ಟರಾಗುತ್ತಾನೋ, ದುಭಾಷಿಯೋ ಎಂದು. ಲೆಕ್ಚರರು ನಕ್ಕರು, ಆದ್ದರಿಂದ ರೆಸಿಡೆಂಟರು ನಕ್ಕರು. ಆ ನಗು ಸಾಲಾಗಿ ಇಳಿದು ನನ್ನ ಪಕ್ಕದವನವರೆಗೂ ಬಂತು.

ಮಹಾದೇವಿ ನನ್ನ ತೋಳು ಜಗ್ಗಿದಳು. "ಏನ್ ಅಂತಾರೋ ತಮ್ಮಾ ಅವರು?"

"ಕಾಲ ತಗೀಬೇಕು ಅಂತಾರ್ರಿ ಅಕ್ಕಾರ. ನಿನ್ನಿಯಿಂದ ಹಿಂಗ ಆಗೇದ ಅಂತ ತಿಳಕೊಂಡಾರ."

"ಯಾಂವ ಹೇಳಿದಾಂವ? ನಿನ್ನಿ ಹೊತ್ತ ಮುಳುಗೂತನಾ ಕಬ್ಬಿಗಿ ನೀರ ಹಾಯಿಸ್ಯಾರ. ಇವತ್ತ ಮುಂಜಾನಿ ಎಮ್ಮಿ ಹಿಂಡಿ ಏಳಾಕ ಹೋದವರು ಹಂಗೇ ಕುಂತಾರ. ಅವರಿಗಿ ಹೇಳು."

ಹೇಳಿದೆ. ಸರ್‌ಗೆ ರೇಗಿತು. ಸರಿ, ದುಭಾಷಿ ಸಾಹೇಬರು ದಯಮಾಡಿ ಪೇಷಂಟನ್ನು ಕೇಳಲಿ, ಆ ಸತ್ತ ಕಾಲಿನ ಬೆರಳುಗಳನ್ನು ಕುಣಿಸಿ ತೋರಿಸುತ್ತಾನೆಯೇ ಎಂದು, ಅಂದರು. ಎಲ್ಲರೂ ಮತ್ತೆ ನಗಲು ತಯಾರಾದರು.

"ಸಿದ್ರಾಮಪ್ಪಾರ, ಬೆರಳ ಅಲ್ಲಾಡಿಸ್ರಿ ನೋಡೂಣು."

ಅವನು ಕಣ್ಣು ಮುಚ್ಚಿ ಉಸಿರು ಬಿಗಿಹಿಡಿದ. ಬೆರಳುಗಳು ಅಲ್ಲಾಡಿದವು. ಜೋರಾಗಿ ಏನಲ್ಲ, ಆದರೆ ಅಲ್ಲಾಡಿದವು. ಸತ್ತ ಕಾಲು ಹಾಗೆ ಮಾಡುವುದಿಲ್ಲ ಎಂಬುದು ಸರ್ ಬರೆಸಿದ ಪಾಠದಲ್ಲೇ ಇತ್ತು. ಯಾರೂ ನಗಲಿಲ್ಲ. ಸರ್ ಕನ್ನಡಕ ಒರೆಸಿಕೊಂಡು, ಈ ರೋಗಿಗೆ ತನ್ನ ರೋಗದ ಬಗ್ಗೆ ಸರಿಯಾಗಿ ಹೇಳಲು ಬರುವುದಿಲ್ಲ ಎಂದು ಇಂಗ್ಲಿಷಿನಲ್ಲಿ ತೀರ್ಪು ಕೊಟ್ಟರು. ಆಮೇಲೆ ಥಿಯೇಟರ್ ತಯಾರು ಮಾಡಿಸಿರಿ ಎಂದರು.

ಕಾಲು ಉಳಿಯಿತು. ಸರ್ ಕೈ ಚಳಕದವರೇ, ಅದನ್ನು ಇಲ್ಲವೆನ್ನಲಾರೆ. ಅವರು ಕೈ ಬಳಸಿದಾಗೆಲ್ಲ ಒಳ್ಳೆಯದೇ ಆಗುತ್ತಿತ್ತು. ಊರಿಗೆ ಹೊರಟ ದಿನ ಸಿದ್ರಾಮಪ್ಪ ನನ್ನನ್ನು ಕರೆದು, "ನಿನ್ನಿ ಅನ್ನೂದಕ ಮರಾಠ್ಯಾಗ ಏನಂತಾರ್ರಿ?" ಎಂದು ಕೇಳಿದ. ಹೇಳಿದೆ. ತೊಡೆಯ ಹೊಲಿಗೆ ಹಿಡಿದುಕೊಂಡು ನಕ್ಕ. "ಅಲ್ರೀ, ಒಂದ ನಿನ್ನಿ ಸಲುವಾಗಿ ಕಾಲ ಹೋಗ್ತಿತ್ತಲ್ರಿ." ಮಹಾದೇವಿ ನಗಲಿಲ್ಲ. ಅವನ ಚಪ್ಪಲಿ ಜೋಡಿಯನ್ನು ನೆಲಕ್ಕಿಟ್ಟು, ಹಾಕಿಕೊಳ್ಳಿರಿ, ನಡೆಯಿರಿ ಎಂದಳು.

ಕಥೆ ಇಲ್ಲಿಗೆ ಮುಗಿದಿದ್ದರೆ ನನಗೆ ಏಪ್ರನ್ನಿನ ಮೇಲೆ ಇಷ್ಟು ಸಿಟ್ಟು ಇರುತ್ತಿರಲಿಲ್ಲ. ಮರುವರ್ಷ ನಮ್ಮಲ್ಲಿ ಶಸ್ತ್ರವೈದ್ಯರ ಸಮ್ಮೇಳನವಾಯಿತು. ಶ್ರೀಖಂಡದ ಊಟವಿದೆ ಎಂದು ನಾವೆಲ್ಲ ಹಿಂದಿನ ಸಾಲಿನಲ್ಲಿ ಶ್ರದ್ಧೆಯಿಂದ ಕೂತಿದ್ದೆವು. ಸರ್ ವೇದಿಕೆಗೆ ಬಂದರು. ಪರದೆಯ ಮೇಲೆ ಸಿದ್ರಾಮಪ್ಪನ ಕಾಲು ಮೂಡಿತು. ನೋವು ಶುರುವಾಗಿ ಒಂದು ದಿನ ಕಳೆದ ಮೇಲೆ ಬಂದ ರೋಗಿ, ಬೇರೆಯವರಾಗಿದ್ದರೆ ಕಡಿದುಬಿಡುತ್ತಿದ್ದರು, ತಾವು ಧೈರ್ಯ ಮಾಡಿ ಉಳಿಸಿದೆವು ಎಂದರು. ಭಾರೀ ಚಪ್ಪಾಳೆ. ಬೆಳ್ಳಿಯ ತಟ್ಟೆಯನ್ನೂ ಕೊಟ್ಟರು. ಊಟದ ಸಾಲಿನಲ್ಲಿ ಲೆಕ್ಚರರ ಪಕ್ಕ ನಿಂತು, ಸರ್, ಅದು ನಿನ್ನೆ ಅಲ್ಲ, ಕಾಲು, ನಿಮಗೂ ಗೊತ್ತಲ್ಲ ಎಂದೆ. ಅವರು ಪೂರಿಯ ಕಡೆ ನೋಡುತ್ತ, "ಆತಾ ಸ್ಲೈಡ್ ಝಾಲೀ ನಾ," ಎಂದರು. ಈಗ ಸ್ಲೈಡ್ ಆಗಿಹೋಗಿದೆಯಲ್ಲ ಎಂದರ್ಥ. ಇದಕ್ಕಿಂತ ದೊಡ್ಡ ಪ್ರಮಾಣ ನಮ್ಮ ಶಾಸ್ತ್ರದಲ್ಲಿ ಇಲ್ಲ.

ಇದನ್ನೆಲ್ಲ ಇವತ್ತು ಮಗಳಿಗೆ ಹೇಳಿದೆ. ಅವಳೂ ಅದೇ ಕಾಲೇಜು, ಕೊನೆಯ ವರ್ಷ. ಇಸ್ತ್ರಿ ನಿಲ್ಲಿಸದೆ ಕೇಳಿದಳು. ಆ ಸ್ಲೈಡನ್ನು ತಮಗೆ ಮೊನ್ನೆಯೇ ತೋರಿಸಿದರು ಎಂದಳು. ತೋರಿಸಿದವರು ಪೂರಿಯ ಲೆಕ್ಚರರು. ಈಗ ಅವರಿಗೇ ಬರೀ ಸರ್ ಎನ್ನುತ್ತಾರಂತೆ. ಒಂದು ದಿನ ತಡವಾದರೂ ಕಾಲು ಉಳಿಯುವುದುಂಟು ಎಂದು ಅವಳು ಪರೀಕ್ಷೆಗೆ ಬಾಯಿಪಾಠವನ್ನೂ ಮಾಡಿದ್ದಾಳೆ.

ನನಗೆ ಸಿಟ್ಟಿನ ಜೊತೆಗೆ ನಗುವೂ ಉಕ್ಕಿ ಬಂತು. ಮನಸಾರೆ ನಕ್ಕೆ. ಅವಳು ನಗಲಿಲ್ಲ. ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ ನನ್ನನ್ನು ನೋಡಿದಳು.

"ಪಣ ಪಪ್ಪಾ, ಕಾಲ್ ಮ್ಹಣಜೇ ಕಾಲ್‌ಚ ನಾ?" ಕಾಲ್ ಎಂದರೆ ನಿನ್ನೆಯೇ ಅಲ್ಲವೇ, ಸರ್ ತಪ್ಪು ಏನು ಮಾಡಿದರು ಎಂದು.

ನಮ್ಮ ಮನೆಯಲ್ಲಿ ಮರಾಠಿಯೇ. ನನ್ನಾಕೆ ಬಾರ್ಶಿಯ ಮರಾಠಿ ಮನೆತನದವಳು. ಮಗಳನ್ನು ಶಾಲೆಗೆ ಹಚ್ಚಿದ್ದೂ ಮರಾಠಿಯಲ್ಲೇ. ಇಡೀ ಕಥೆಯನ್ನು ಮರಾಠಿಯಲ್ಲಿ ಹೇಳುತ್ತ, ಸಿದ್ರಾಮಪ್ಪನೂ ಮಹಾದೇವಿಯೂ ಮಾತಾಡುವ ಕಡೆ ಮಾತ್ರ ಕನ್ನಡದಲ್ಲಿ ಹೇಳಿದ್ದೆ. ಕಾಲು ಎಂದರೆ ಪಾಯ್ ಎಂದು ಅವಳಿಗೆ ಬಿಡಿಸಿ ಹೇಳಬೇಕೆಂದು ನನಗೆ ಹೊಳೆದಿರಲಿಲ್ಲ. ಕಥೆಯ ಪ್ರಾಣವಿದ್ದದ್ದು ಅಲ್ಲಿ. ಮಗಳು ಅಷ್ಟನ್ನು ಬಿಟ್ಟು ಉಳಿದದ್ದೆಲ್ಲ ಕೇಳಿಸಿಕೊಂಡಿದ್ದಳು. ನಾಳೆ ಕುರನೂರಿನಿಂದ ಯಾರಾದರೂ ಬಂದರೆ ಮಂಚದ ಬುಡದಲ್ಲಿ ನಿಲ್ಲುವವಳು ಇವಳು. ನನ್ನ ನಗು ಅಲ್ಲೇ ಇಂಗಿತು.

ಅವಳನ್ನು ಕೂರಿಸಿ ಕಾಲು ಮುಟ್ಟಿ ತೋರಿಸಿದೆ. ಇದು ಕಾಲು. ನಿನ್ನೆಗೆ ನಿನ್ನಿ ಅನ್ನುತ್ತಾರೆ. ಕಧೀಪಾಸೂನ ಎನ್ನಲು ಯಾವಾಗಿಂದ ಎನ್ನಬೇಕು. ಹುಡುಗಿ ಜಾಣೆ. ಎರಡು ಸಲ ತಪ್ಪಿ ಮೂರನೆಯ ಸಲಕ್ಕೆ ಹಿಡಿದಳು. ಆಮೇಲೆ ನನ್ನನ್ನೇ ರೋಗಿ ಮಾಡಿಕೊಂಡು, ಗಂಭೀರ ಮುಖದಿಂದ ಕೇಳಿದಳು.

"ಯಾವಾಗಿಂದ ತ್ರಾಸ ಐತ್ರಿ?"

"ನಿನ್ನ ಸಾಲಿಗಿ ಹಚ್ಚಿದಾಗಿಂದವಾ," ಎಂದೆ.

"ಮ್ಹಣಜೇ ಕಧೀ, ಪಪ್ಪಾ?" ಎಂದಳು. ಅಂದರೆ ಯಾವಾಗ ಎಂದು.

ಅದನ್ನೂ ಮರಾಠಿಯಲ್ಲೇ ಹೇಳಬೇಕಾಯಿತು.